ಜಾರದ ತಿರುವು

ತಿರುವಿನಲ್ಲಿ ಕಾರು ಜಾರಲಿಲ್ಲ.

ಪ್ರೊಫೆಸರ್ ಎಡತೋಳನ್ನು ಸಡಿಲ ಬಿಟ್ಟುಕೊಂಡು ಕಾದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಅದನ್ನು ಹಿಡಿಯಲಿಲ್ಲ. ಅಕ್ಕನ ಮನೆಯಿಂದ ತಂದ ಕಿತ್ತಳೆ ಸುಲಿಯುವುದರಲ್ಲಿ ಮುಳುಗಿದ್ದಳು.

ಹಳೆಯ ಟೈರುಗಳ ಕಾಲದಲ್ಲಿ ಹೀಗಿರಲಿಲ್ಲ. ಈ ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿನ ಹಿಂದಿನ ಚಕ್ರಗಳು ಮೊದಲು ಕೊಂಯ್ ಎಂದು ನರಳುತ್ತಿದ್ದವು, ಆಮೇಲೆ ಮೆಲ್ಲಗೆ ಹೊರಕ್ಕೆ ವಾಲುತ್ತಿದ್ದವು. ಅವಳು "ಅಯ್ಯೋ ದೇವರೇ" ಎಂದು ಅವನ ತೋಳನ್ನು ಅವುಚಿಕೊಳ್ಳುತ್ತಿದ್ದಳು. ಅವನು ಸ್ಟಿಯರಿಂಗನ್ನು ತುಸು ತಿರುಗಿಸಿ, ಜಾರಿ ಹೊರಟ ಕಾರನ್ನು ದಾರಿಗೆ ಎಳೆದು ತಂದು, "ನಾನಿಲ್ವೇನೇ?" ಎನ್ನುತ್ತಿದ್ದ. ಮನೆಯಲ್ಲಿ ಇಬ್ಬರ ಕೋಣೆ ಬೇರೆಯಾಗಿ ವರ್ಷಗಳೇ ಆಗಿದ್ದವು. ದೇವರು ಕರುಣಾಳು, ಮುಟ್ಟಿಸಿಕೊಳ್ಳಲು ಅವನಿಗೆ ಒಂದೆರಡು ತಿರುವುಗಳನ್ನಾದರೂ ಉಳಿಸಿದ್ದ.

ಟೈರು ಬದಲಾಯಿಸಿ ಎಂದು ಗೋಗರೆದವಳು ಅವಳೇ. ನಿನ್ನೆ ಹಾಕಿಸಿದ. ಅಗಲವಾದ, ಮೆತ್ತನೆ ರಬ್ಬರಿನ, ಓಟದ ಕಾರಿಗೆ ಹಾಕುವಂಥವು. ಅಂಗಡಿಯವನು ಟೈರಿನ ಬೆನ್ನು ಚಪ್ಪರಿಸಿ ಹೇಳಿದ್ದ: "ಹಲ್ಲಿ ಗೋಡೆ ಹಿಡಿದ ಹಾಗೆ ಹಿಡಿಯುತ್ತೆ ಸಾರ್. ಬಿಡೋವಾಗ ಮಾತ್ರ ನಿಮ್ಮನ್ನ ಕೇಳಿ ಬಿಡಲ್ಲ."

ಹಿಡಿಯುವುದು ನಿಜವಾಗಿತ್ತು. ಕೈ ಯೋಚಿಸುವ ಮೊದಲೇ ಕಾರಿನ ಮೂತಿ ತಿರುಗುತ್ತಿತ್ತು. ಡಾಂಬರಿನ ಒಂದೊಂದು ಬಿರುಕೂ ಬೆನ್ನುಮೂಳೆಗೆ ಬಂದು ವರದಿ ಒಪ್ಪಿಸುತ್ತಿತ್ತು. ಜಾರುವುದೊಂದು ಇರಲಿಲ್ಲ. ಎಳೆದು ತರಲು ಅವನು ಬೇಕಾಗಿಯೂ ಇರಲಿಲ್ಲ.

"ಈಗ ನೋಡಿ, ಎಷ್ಟು ಹಾಯಾಗಿದೆ," ಎಂದಳು. "ಇಷ್ಟು ದಿನ ಜೀವ ಕೈಲಿ ಹಿಡ್ಕೊಂಡು ಕೂತಿರ್ತಿದ್ದೆ."

"ಜೀವ ಅಲ್ಲ, ನನ್ನ ತೋಳು."

"ಏನೋ ಒಂದು. ಕೈಗೆ ಸಿಕ್ಕಿದ್ದು."

ಸೀಟಿಗೊರಗಿ ಕಣ್ಣು ಮುಚ್ಚಿದಳು. ಈ ಕಾರಿನಲ್ಲಿ ಅವಳಿಗೆ ನಿದ್ದೆ ಬಂದಿದ್ದು ಇದೇ ಮೊದಲು. ಬಾಯಿ ಮಗುವಿನದರಂತೆ ತುಸು ತೆರೆದಿತ್ತು. ನೋಡಿ ಸಂತೋಷಪಡಬೇಕಿತ್ತು. ಅವನಿಗೆ ಹೊಟ್ಟೆ ಉರಿಯಿತು.

ಮುಂದಿನ ತಿರುವಿಗೆ ವೇಗ ಹೆಚ್ಚಿಸಿದ. ಟೈರು ಹಿಡಿಯಿತು. ಅದರ ಮುಂದಿನದಕ್ಕೆ ಇನ್ನಷ್ಟು. ಹಿಡಿಯಿತು. ಒಂದೇ ಒಂದು ಸಲ ಹೆದರಿ ಎಚ್ಚರವಾಗಲಿ, ತೋಳಿಗೆ ಕೈ ಹಾಕಲಿ ಎಂದು ಮನಸ್ಸು ಬೇಡುತ್ತಿತ್ತು. ಇಂಥ ಬೇಡಿಕೆಯನ್ನು ಯಾವ ದೇವರ ಮುಂದಿಡುವುದು? ಬೇಡುತ್ತಲೇ ಕಾಲು ಅದುಮಿದ.

ನರಳಲಿಲ್ಲ, ವಾಲಲಿಲ್ಲ. ಟೈರು ಒಮ್ಮೆಲೇ ಬಿಟ್ಟಿತು. ಆಕಾಶ, ಬೇಲಿ, ರಸ್ತೆ ಗಿರ್ರನೆ ಸುತ್ತಿದವು. ಕಾರು ಬಂದ ದಾರಿಗೇ ಮುಖ ಮಾಡಿ ನಿಂತಿತು.

ಅವಳು ಕಿರುಚಿರಲಿಲ್ಲ. ಎರಡೂ ಕೈಗಳಿಂದ ಸೀಟ್ ಬೆಲ್ಟನ್ನು ಹಿಡಿದಿದ್ದಳು.

"ಪೆಟ್ಟಾಯ್ತಾ?"

"ಬೇಕಂತಲೇ ಮಾಡಿದ್ರಿ."

"ಹೊಸ ಟೈರು. ಇನ್ನೂ ಪಳಗಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. "ಮುಂಚೆನೂ ಬೇಕಂತಲೇ ಮಾಡ್ತಿದ್ರಾ?"

ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದವನು ನಿಂತ ಕಾರಿನ ಗೇರನ್ನು ಹಿಂದೆ ಮುಂದೆ ಎಳೆದ. ನಾಚಿಕೆ ಬಿಸಿಯಾಗಿ ಕಿವಿಯ ತುದಿಯವರೆಗೂ ಏರಿತು.

ಅವಳು ಬಾಗಿಲು ತೆರೆದು ಇಳಿದಳು. ಮನೆಯ ದಿಕ್ಕಿಗೆ ನಡೆಯತೊಡಗಿದಳು.

ಅವನು ಕಾರು ತಿರುಗಿಸಿಕೊಂಡು ಹಿಂದೆಯೇ ಬಂದು, ಗಾಜು ಇಳಿಸಿ, "ಕಾರು ಹತ್ತೇ, ಜನ ನೋಡ್ತಾರೆ," ಎಂದ.

"ನೋಡ್ಲಿ."

ಅವಳ ನಡಿಗೆಗೆ ಸರಿಯಾಗಿ ಕಾರು ತೆವಳಿತು. ಬಿಸಿಯೇರಿದ ರಬ್ಬರು ರಸ್ತೆಯಂಚಿನ ಕಲ್ಲುಚೂರುಗಳನ್ನು ಒಂದನ್ನೂ ಬಿಡದೆ ಮೈಗೆ ಅಂಟಿಸಿಕೊಂಡು, ಒಂದೊಂದನ್ನೇ ಕಾರಿನ ಹೊಟ್ಟೆಗೆ ಟಪ್, ಟಪ್ ಎಂದು ಎಸೆಯುತ್ತಿತ್ತು. ಅವಳು ಪಕ್ಕಕ್ಕೆ ಸರಿದಳು. ತಿರುಗಿ ನೋಡದೆ, ಹಿಂದೆ ಬರುವ ಯಾವುದೋ ಗಾಡಿಗೆ ದಾರಿ ಬಿಡುವವರಂತೆ, ಮುಂದೆ ಹೋಗು ಎಂದು ಕೈಬೀಸಿದಳು.