ಬದುವಿನ ಬಾಲದ ಮಣ್ಣು

ಮುಂಜಾನೆ ಎಮ್ಮೆಗೆ ಮೇವು ತರಲು ಹೊಲದ ಬಾಲದ ಕಡೆ, ನೀರು ಕೊನೆಗೆ ತಲುಪುವ ತುದಿಗೆ, ಹೋದ ಶಿವವ್ವನ ಕಾಲು ಎರಿಮಣ್ಣಿನ ಬಿರುಕಿನಲ್ಲಿ ಸಿಕ್ಕಿಕೊಂಡಿತು. ಕಾಲು ಬಿಡಿಸಿಕೊಂಡವಳು ಹಾಗೇ ಬಾಗಿ ಒಂದು ಮುಷ್ಟಿ ಮಣ್ಣು ಹಿಡಿದು ಒತ್ತಿದಳು. ಉಂಡೆ ಕಟ್ಟಲಿಲ್ಲ. ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರಿತು.

ನಿನ್ನೆಯೇ ಮಾತು ಕೊಟ್ಟುಬಿಟ್ಟಿದ್ದಳಲ್ಲ!

ಹಿಪ್ಪರಗಿಯ ಆ ಬದಿಯಲ್ಲಿ ಕಬ್ಬು ಬೆಳೆಯುವವರದೊಂದು ರೂಢಿ. ಕಬ್ಬು ಕಡಿದವನು ಹೊಲದಲ್ಲಿ ಉಳಿದ ರವದಿಗೆ, ಆ ಒಣ ಗರಿಯ ರಾಶಿಗೆ, ಬೆಂಕಿ ಇಡುವ ಮೊದಲು ಬದುವಿನ ಆಚೆಯವರನ್ನು ಕೇಳಬೇಕು. ಅವರು ತಮ್ಮ ಮಣ್ಣು ಹಿಡಿದು ನೋಡಬೇಕು. ಉಂಡೆ ಕಟ್ಟಿದರೆ ಹಚ್ಚಬಹುದು. ನೆಲದಲ್ಲಿ ಹಸಿ ಇದ್ದರೆ ಬುಡದ ಗರಿಯೂ ತಣ್ಣಗಿರುತ್ತದೆ, ಕಿಡಿ ಬಿದ್ದರೂ ಹೊಗೆಯಾಡಿ ಸಾಯುತ್ತದೆ. ಉದುರಿದರೆ ಮಾತ್ರ ನಿಂತ ಕಬ್ಬು ಉಳಿಯುವುದಿಲ್ಲ.

ನಿನ್ನೆ ಪಕ್ಕದ ಹೊಲದ ಬಸಗೊಂಡಪ್ಪ ಕೇಳಲು ಬಂದಾಗ ಶಿವವ್ವ ಮೋಟಾರಿನ ಹತ್ತಿರ ನಿಂತಿದ್ದಳು. ನಿಂತಲ್ಲೇ ಬಾಗಿ ಮಣ್ಣು ಹಿಡಿದಳು. ಲಡ್ಡಿನಂಥ ಉಂಡೆ! 'ಹಚ್ಚರಿ ಅಣ್ಣಾರ' ಅಂದಳು. ಮೋಟಾರಿನ ಪೈಪಿನ ಬಾಯಿ ಸೋರಿ ಸೋರಿ ಅಲ್ಲಿ ಕಪ್ಪೆಗಳು ಸಂಸಾರ ಹೂಡಿದ್ದವು, ಅದು ನೆನಪಾಗಲಿಲ್ಲ. ಉಳಿದ ನಾಲ್ಕು ಎಕರೆಗೆ ನೀರು ನಿಲ್ಲಿಸಿ ಇಪ್ಪತ್ತು ದಿನವಾಗಿತ್ತು. ಇವತ್ತು ಕಳೆದು ನಾಳೆ ಅವಳ ಕಬ್ಬು ಕಡಿಯುವ ಗ್ಯಾಂಗು ಬರುವುದಿತ್ತು, ನೆಲ ಮೆತ್ತಗಿದ್ದರೆ ಕಬ್ಬು ಹೇರುವ ಟ್ರೇಲರ್ ಹೂತುಕೊಳ್ಳುತ್ತದೆ.

ಮೇವಿನ ಕುಡಗೋಲು ಅಲ್ಲೇ ಬಿಸಾಕಿ ಬದು ದಾಟಿದಳು.

"ಬಸಗೊಂಡಪ್ಪಣ್ಣಾರ, ಇವತ್ತ ಬೆಂಕಿ ಬ್ಯಾಡ್ರಿ. ಮಣ್ಣು ಒಣಗೈತ್ರಿ."

"ನಿನ್ನಿ ಉಂಡಿ ಕಟ್ಟಿ ತೋರಿಸಿದಿ. ಇವತ್ತ ನಿನ್ನ ಹೊಲಕ್ಕ ಜ್ವರಾ ಬಂತೇನ ತಂಗಿ?"

"ಅದು ಪೈಪಿನ ಬಾಯಾಗಿನ ಮಣ್ಣ್ರಿ. ತಪ್ಪು ನಂದ."

"ತಪ್ಪು ನಿಂದು, ತಿರುಗಿ ಹೋಗೂದು ನನ್ನ ಟ್ರ್ಯಾಕ್ಟರಾ? ನಾಳೆ ಮುಂಜಾನೆ ಹೊಲಾ ರಂಟಿ ಹೊಡಿಯಾಕ ಬರತೈತಿ. ನಾ ಹನ್ನೆರಡಕ್ಕ ಹಚ್ಚಾಂವ."

"ಬದುವಿನ ಬಾಜೂಕಿನ ಎರಡ ಸಾಲಿಗೆ ನೀರು ಬಿಡ್ತೇನಿ. ಅಲ್ಲೀತನಕಾ ತಡೀರಿ."

"ಬಿಡು, ಬಿಡು! ಗ್ಯಾಂಗ್ನವರು ಕೆಸರು ನೋಡಿ ತಿರುಗಿ ಹೋದ್ರ ನನ್ನ ಹೆಸರು ಹೇಳಿ ಅಳಬ್ಯಾಡ."

ಹತ್ತಕ್ಕೆ ಕರೆಂಟು ಬಂತು. ನೀರು ಮೊದಮೊದಲು ಕರುವಿನಂತೆ ಜಿಗಿಯುತ್ತ ಓಡಿತು. ನಡುಹೊಲ ಮುಟ್ಟಿದ್ದೇ ತಡ, ಬಿರುಕುಗಳು ಬಾಯಿ ತೆರೆದವು. ಎಷ್ಟು ಬಿಟ್ಟರೂ ಗುಟುಕ್ ಗುಟುಕ್ ಅಂತ ಒಳಗೇ ಇಳಿಯಿತು. ಶಿವವ್ವ ನೀರಿನ ಮುಂದೆ ನಾಲ್ಕು ಹೆಜ್ಜೆ ಹೋಗುವಳು, ತಿರುಗಿ ಬರುವಳು, ಸಲಿಕೆಯಿಂದ ಒಂದು ಬಿರುಕು ಮುಚ್ಚುವಷ್ಟರಲ್ಲಿ ಇನ್ನೊಂದು. "ಎಷ್ಟ ಕುಡೀತಿ ಹಾಳಾದ್ದ, ಹಬ್ಬ ಐತೇನು?" ಎಂದು ನೆಲವನ್ನೇ ಬೈದಳು.

ಹನ್ನೆರಡಾಯಿತು. ಬಾಲ ಇನ್ನೂ ನಲವತ್ತು ಹೆಜ್ಜೆ ದೂರ. ಬಸಗೊಂಡಪ್ಪ ಕಡ್ಡಿಪೆಟ್ಟಿಗೆ ಹಿಡಿದು ಬಂದ. ಶಿವವ್ವ ರೊಟ್ಟಿ ಗಂಟು ಎತ್ತಿಕೊಂಡು ಹೋಗಿ ಅವನ ರವದಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

"ಏಳ ತಂಗಿ."

"ಹಚ್ಚರಿ. ನಾ ಏಳಾಂಗಿಲ್ಲ."

"ಮಂದಿ ಏನಂದಾರು?"

"ಶಿವವ್ವ ರವದ್ಯಾಗ ಕುಂತು ರೊಟ್ಟಿ ತಿಂದ್ಲು ಅಂದಾರು. ನೀವೂ ಬರ್ರಿ, ಶೇಂಗಾ ಚಟ್ನಿ ಐತಿ."

ಮಾತು ಹಾಗೆ, ಕಣ್ಣು ಮಾತ್ರ ನೀರಿನ ಮೇಲೇ ಇತ್ತು. ಬಸಗೊಂಡಪ್ಪ ಗೊಣಗುತ್ತ ಬದು ದಾಟಿ ಅವಳ ಮಣ್ಣು ಹಿಡಿದ. ಉದುರಿತು. ಬಿರುಕಿಗೆ ಕೈ ಹಾಕಿದ. ಮೊಳಕೈ ತನಕ ಹೋಯಿತು.

"ಅಬಬಬ! ಇದೇನ್ ಹೊಲಾನೋ ಹುತ್ತಾನೋ?" ಕಡ್ಡಿಪೆಟ್ಟಿಗೆ ಅಂಗಿಯ ಕಿಸೆಗೆ ಹೋಯಿತು. "ಸಲಿಕಿ ಎಲ್ಲೈತಿ?"

ಇಬ್ಬರೂ ಸೇರಿ ದೂಡಿದ ಮೇಲೆ ಮೂರರ ಸುಮಾರಿಗೆ ನೀರು ಬಾಲ ಮುಟ್ಟಿತು. ಅಷ್ಟರಲ್ಲೇ ಗ್ಯಾಂಗಿನ ಮುಕಾದಮ ಸಿದರಾಯ ಬೈಕಿನಲ್ಲಿ ಬಂದ. ನಾಳೆ ಟ್ರೇಲರ್ ನಿಲ್ಲಿಸಬೇಕಾದ ಜಾಗ ಕೆಸರಾಗಿತ್ತು.

"ಯಕ್ಕಾ, ಇದೇನ ಮಾಡೀರಿ? ನಿಮ್ಮ ಪಾಳಿ ಹಣಮಪ್ಪಗ ಕೊಡ್ತೇನಿ. ನಿಮ್ದು ಇನ್ನ ಎಂಟ ದಿನಾ."

ಶಿವವ್ವ ತಲೆಯಾಡಿಸಿದಳು. ಬದುವಿನ ಕಡೆ ಓಡಿದಳು. ಬಸಗೊಂಡಪ್ಪ ಬೆಂಕಿ ಹಚ್ಚಿದ್ದ.

ಚಟಚಟ ಎನ್ನುತ್ತ ಬೆಂಕಿ ಆಳೆತ್ತರ ಎದ್ದಿತು. ಉರಿಯುವ ಗರಿಗಳು ಬದು ಹಾರಿ ಬಂದು ಹಸಿ ಸಾಲಿನಲ್ಲಿ ಬಿದ್ದು ಚುಂಯ್ ಎಂದವು. ಒಂದು ಗರಿ ಮಾತ್ರ ಮೂರನೇ ಸಾಲಿಗೆ, ಒಣ ನೆಲಕ್ಕೆ ಬಿತ್ತು. ಕಬ್ಬಿನ ಬುಡ ಭಗ್ಗೆನ್ನುವಷ್ಟರಲ್ಲಿ ಶಿವವ್ವ ಎರಡೂ ಕೈತುಂಬ ಕೆಸರು ಬಾಚಿ ಅದರ ಮೇಲೆ ಅಪ್ಪಳಿಸಿದಳು. ಆಮೇಲೆ ಮತ್ತೊಮ್ಮೆ, ಮತ್ತೊಮ್ಮೆ.

ಹೊಗೆ ತಿಳಿಯಾದಾಗ ಕಬ್ಬು ನಿಂತಿತ್ತು.

"ಉಳೀತವ್ವಾ," ಅಂದ ಬಸಗೊಂಡಪ್ಪ. "ಕುಂದರ ಇನ್ನ."

ಅವಳು ಕೂರಲಿಲ್ಲ. ಹಣಮಪ್ಪನ ಹೊಲ ಅವಳ ಇನ್ನೊಂದು ಬದುವಿಗೆ ಹತ್ತಿಕೊಂಡೇ ಇತ್ತು. ನಾಳೆ ಅವನ ಕಬ್ಬು ಕಡಿಯುತ್ತಾರೆ. ನಾಡಿದ್ದು ಅವನೂ ರವದಿ ಸುಡಲೇ ಎಂದು ಕೇಳಲು ಬರುತ್ತಾನೆ. ಶಿವವ್ವ ಮಸಿ ಹತ್ತಿದ ಕಬ್ಬಿನ ನಡುವೆ ತೂರಿ ಆ ಬದುವಿನ ತೀರ ಬಾಲಕ್ಕೆ ಹೋಗಿ ಬಾಗಿದಳು. ಮಣ್ಣು ಉದುರಿತು.

"ಅಣ್ಣಾರ," ಅಲ್ಲಿಂದಲೇ ಕೂಗಿದಳು, "ಕರೆಂಟ್ ಎಷ್ಟೊತ್ತಿನ ತನಕಾ ಇರತೈತ್ರಿ?"