ಕಾಲುದಾರಿಗೊಂದು ಫೋಟೊ

ಕರಪತ್ರದ ಫೋಟೊದಲ್ಲಿ ಹುಡುಗಿ ನಗುತ್ತಿರಬೇಕು, ಆದರೆ ತೀರಾ ನಗುತ್ತಿರಬಾರದು ಎಂದಳು ಕೆಂಡ್ರಾ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮೇಜಿನ ಸುತ್ತ ಕೂತಿದ್ದ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಲ್ಲರ ಕಣ್ಣೂ ನೊರೀನ್ ಮೇಲೆ ಬಂದು ನಿಂತವು. ಸತ್ತ ಹುಡುಗಿ ಶೆಲ್ಬಿ ಅವಳ ತಮ್ಮನ ಮಗಳು. ಫೋಟೊ ತರುವುದಿದ್ದರೆ ಅವಳೇ ತರಬೇಕು.

ಕೆಂಡ್ರಾ ಪೋರ್ಟ್‌ಲ್ಯಾಂಡಿನವಳು. ಊರುಗಳು ಹಣಕ್ಕಾಗಿ ಜನರ ಮುಂದಿಡುವ ವೋಟುಗಳನ್ನು ಗೆಲ್ಲಿಸಿಕೊಡುವುದೇ ಅವಳ ಕಸುಬು. ಕೆಟ್ಟವಳೇನಲ್ಲ, ಬಂದಾಗಲೆಲ್ಲ ಎಲ್ಲರಿಗೂ ಡೋನಟ್ ತರುತ್ತಿದ್ದಳು. ಮೇ ತಿಂಗಳ ವೋಟಿನಲ್ಲಿ ಊರು ಕೇಳುತ್ತಿದ್ದುದೂ ದೊಡ್ಡದಲ್ಲ: ಎರಡು ಹಳೇ ಪಾರ್ಕುಗಳ ರಿಪೇರಿ, ಮತ್ತೆ ಹೊಳೆಯ ಪಕ್ಕದಲ್ಲಿ, ಹಿಂದೆ ದಿಮ್ಮಿ ಸಾಗಿಸುತ್ತಿದ್ದ ರೈಲಿನ ಜಾಡಿನ ಮೇಲೆ, ಒಂದು ಕಾಲುದಾರಿ. ಅದಕ್ಕೆ ಬಾಂಡ್ ಹೊರಡಿಸಿ ಸಾಲ ಎತ್ತಬೇಕು, ಆ ಸಾಲ ಮನೆಮನೆಯ ತೆರಿಗೆಯಿಂದ ತೀರಬೇಕು. ತೊಡಕಿದ್ದದ್ದು ಅಲ್ಲೇ. ಮರದ ಮಿಲ್ಲು ಮುಚ್ಚಿದ ಮೇಲೆ ಈ ಊರಿನಲ್ಲಿ ತೆರಿಗೆಯ ಮಾತೆತ್ತಿದರೆ ಸಾಕು, ಜನ ಮುಖ ತಿರುಗಿಸುತ್ತಾರೆ. ಫೋನು ಮಾಡಿ ವಿಚಾರಿಸಿದರೆ ಉಯ್ಯಾಲೆ ಬೇಕು, ಬೆಂಚು ಬೇಕು, ತೆರಿಗೆಯೊಂದು ಬೇಡ ಅಂದಿದ್ದರು. ಅವರ ಮನಸ್ಸು ಕರಗಿದ್ದು ಒಂದೇ ಮಾತಿಗೆ. ಒಂಬತ್ತು ವರ್ಷದ ಹಿಂದೆ ಬರ್ಗರ್ ಅಂಗಡಿಯ ಕೆಲಸ ಮುಗಿಸಿ ಮಂಜಿನಲ್ಲಿ ಹೆದ್ದಾರಿಯ ಅಂಚು ಹಿಡಿದು ಮನೆಗೆ ಬರುತ್ತಿದ್ದ ಹುಡುಗಿಯೊಬ್ಬಳಿಗೆ ಕಾರು ಬಡಿದದ್ದು ನೆನಪಿದೆಯೇ ಎಂದು ಕೇಳಿದಾಗ, ಅರ್ಧಕ್ಕರ್ಧ ಜನಕ್ಕೆ ಮರೆತೇಹೋಗಿತ್ತು. ನೆನಪಿಸಿದ ಮೇಲೆ, ಹೌದಲ್ಲ, ಪಾಪ, ಹಾಗಾದರೆ ದಾರಿ ಆಗಲಿ ಅಂದಿದ್ದರು.

"ಜನ ಕಾಲುದಾರಿಗೆ ವೋಟು ಹಾಕಲ್ಲ," ಎಂದಳು ಕೆಂಡ್ರಾ. "ಆ ಹುಡುಗಿಗೆ ಹಾಕ್ತಾರೆ."

ಸಮಿತಿಯ ಅಧ್ಯಕ್ಷ, ಔಷಧದಂಗಡಿಯ ಗೋರ್ಡನ್, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ನಿನ್ನ ತಮ್ಮ ಒಪ್ಪಿದ್ದಾನೆಯೇ ಎಂದು ನೊರೀನ್‌ಳನ್ನು ಕೇಳಿದ. ಅವಳು ಹ್ಞೂಂ ಅಂದಳು. ಅಂದಾಗ ಅದು ಸುಳ್ಳು ಅಂತಲೂ ಅವಳಿಗೆ ಅನಿಸಲಿಲ್ಲ. ಇನ್ನೂ ಕೇಳಿಲ್ಲ, ಕೇಳಿದರಾಯಿತು ಅನ್ನುವ ಧೈರ್ಯ.

ಕಾಲುದಾರಿಯ ಮಾತನ್ನು ಮೊದಲು ಎತ್ತಿದವಳೇ ಅವಳು. ಜೀವಮಾನವಿಡೀ ಆ ಹೆದ್ದಾರಿಯಲ್ಲಿ ಶಾಲೆಯ ಬಸ್ಸು ಓಡಿಸಿದ್ದಳು. ಬಿಳಿ ಗೆರೆಯಾಚೆ ಒಬ್ಬರು ನಿಲ್ಲುವಷ್ಟೂ ಜಾಗವಿಲ್ಲದ ತಿರುವುಗಳಲ್ಲಿ ಬ್ಯಾಗು ಹೊತ್ತ ಮಕ್ಕಳು ನಡೆಯುವುದನ್ನು ಕಂಡಾಗಲೆಲ್ಲ ಅವಳು ಬಸ್ಸಿನ ವೇಗ ಇಳಿಸುತ್ತಿದ್ದಳು. ಶೆಲ್ಬಿಗಂತೂ ಇನ್ನೇನೂ ಮಾಡುವ ಹಾಗಿಲ್ಲ. ಮಾಡುವುದಿದ್ದರೆ ಇದೊಂದೇ ಎಂದು ಅವಳು ಗಟ್ಟಿ ಮಾಡಿಕೊಂಡಿದ್ದಳು.

ತಮ್ಮನ ಹೆಸರು ಡಾರೆಲ್. ಅವಳ ಮನೆಗೂ ಅವನ ಮನೆಗೂ ನಡುವೆ ಒಂದು ಬೇಲಿ. ಹೆಂಡತಿ ಬಿಟ್ಟುಹೋಗಿ ಎಷ್ಟೋ ಕಾಲವಾಗಿತ್ತು, ಮಗಳನ್ನು ಒಬ್ಬನೇ ಬೆಳೆಸಿದ್ದ. ಮಿಲ್ಲು ಮುಚ್ಚಿದಾಗಿನಿಂದ ಊರು ಏನು ಕೇಳಿದರೂ ಬೇಡ ಅನ್ನುವವನು. ಈಜುಕೊಳದ ವೋಟು ಬಂದಾಗ ಪತ್ರಿಕೆಗೆ ಅವನು ಬರೆದ ನಾಲ್ಕು ಸಾಲಿಗೇ ಈಜುಕೊಳ ಮುಳುಗಿತು ಎಂದು ಊರಿನವರು ಈಗಲೂ ನಗುತ್ತಾರೆ. ಅವನಿಗೆ ಊರಿನ ಮೇಲೆ ಸಿಟ್ಟೋ, ಬದುಕಿನ ಮೇಲೆ ಸಿಟ್ಟೋ, ಯಾರೂ ವಿಚಾರಿಸಲು ಹೋಗಲಿಲ್ಲ.

ಕೆಂಡ್ರಾಳ ಕಟ್ಟಪ್ಪಣೆ ಒಂದೇ ಇತ್ತು. ಯಾವಾಗಲೂ ಬೇಡ ಅನ್ನುವವರ ಬಾಗಿಲು ತಟ್ಟಬಾರದು. ಅವರಿಗೆ ಫೋನಿಲ್ಲ, ಕರಪತ್ರವಿಲ್ಲ, ಅವರ ಬೀದಿಯಲ್ಲಿ ಬೋರ್ಡೂ ಇಲ್ಲ. ತಂಟೆಗೆ ಹೋಗದಿದ್ದರೆ ಅಂಥವರಲ್ಲಿ ಎಷ್ಟೋ ಜನ ಅಂಚೆಯಲ್ಲಿ ಮನೆಗೇ ಬರುವ ವೋಟಿನ ಲಕೋಟೆ ತೆರೆಯುವುದೂ ಇಲ್ಲ, ಹಳೇ ಪೇಪರಿನ ಜೊತೆ ಅದೂ ಹೋಗುತ್ತದೆ. ಕೆಣಕಿದರೆ ಮಾತ್ರ ಎದ್ದು ಕೂರುತ್ತಾರೆ. ಹೊಳೆಯ ಪಕ್ಕದ ಆ ಹೆದ್ದಾರಿಯಲ್ಲಿ ಅಂಥ ಮನೆಗಳು ಯಾವುವು ಎಂದು ಅವಳು ಕೇಳಿದಾಗ, ನೊರೀನ್ ಮೊದಲು ಹೇಳಿದ್ದು ತಮ್ಮನ ಮನೆಯನ್ನೇ. ಅದರಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ್ದಳು.

ಬುಧವಾರ ಬುಧವಾರ ಡಾರೆಲ್ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಅವಳು ಮಾಂಸದ ಸಾರೋ ಆಲೂಗಡ್ಡೆಯೋ ಮಾಡಿಡುತ್ತಿದ್ದಳು, ಅವನು ಅಂಗಡಿಯ ಆಪಲ್ ಪೈ ತಂದು, ನಾನೇ ಮಾಡಿದ್ದು ಅನ್ನುತ್ತಿದ್ದ. ಆ ಚಳಿಗಾಲವಿಡೀ ಅವಳು ಹೇಳಬೇಕೆಂದು ಬಾಯಿ ತೆರೆದಳು. ಒಮ್ಮೆ ಅವನು ನಾಯಿಯ ಸೊಂಟನೋವಿನ ಮಾತೆತ್ತಿದ. ಇನ್ನೊಮ್ಮೆ ಸೂರಿನ ತಗಡು ಸೋರುವ ಮಾತು. ಮತ್ತೊಮ್ಮೆ ಅವನು ಸುಮ್ಮನೆ ಕೂತಿದ್ದ, ಆಗ ಅವಳೇ ಸೂರಿನ ಮಾತೆತ್ತಿದಳು. ಅವನು ಬೇಡ ಅಂದುಬಿಟ್ಟರೆ ಫೋಟೊ ಇಲ್ಲ, ಫೋಟೊ ಇಲ್ಲದಿದ್ದರೆ ದಾರಿ ಇಲ್ಲ. ಗೆದ್ದ ಮೇಲೆ, ದಾರಿಗೆ ಶೆಲ್ಬಿಯ ಹೆಸರಿಟ್ಟು, ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುವುದು, ಆಗ ಅವನೇ ಅರ್ಥ ಮಾಡಿಕೊಳ್ಳುತ್ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಫೋಟೊವನ್ನು ತನ್ನ ಫ್ರಿಜ್ಜಿನ ಬಾಗಿಲಿನಿಂದಲೇ ಬಿಡಿಸಿ ಕೊಟ್ಟಳು.

ಏಪ್ರಿಲ್ ಕೊನೆಗೆ ಕರಪತ್ರ ಹೊರಟಿತು. ಊರಿನ ಮನೆಮನೆಯ ಅಂಚೆಪೆಟ್ಟಿಗೆಯಲ್ಲಿ ಶೆಲ್ಬಿ ನಕ್ಕಳು, ತೀರಾ ಅಲ್ಲದ ನಗು. ಡಾರೆಲ್‌ನ ಪೆಟ್ಟಿಗೆಯಲ್ಲಿ ಆ ದಿನ ಕರೆಂಟಿನ ಬಿಲ್ಲು ಮಾತ್ರ ಇತ್ತು.

ಎರಡು ದಿನ ಬಿಟ್ಟು ಅವನು ನಾಯಿಯ ಆಹಾರ ತರಲು ಮೇವಿನ ಅಂಗಡಿಗೆ ಹೋದ. ಅಂಗಡಿಯ ರಾಸ್ ಎಂದೂ ಇಲ್ಲದ ಹಾಗೆ ಟೋಪಿ ತೆಗೆದು, ಮಗಳ ಫೋಟೊ ಚೆನ್ನಾಗಿತ್ತು, ನಮ್ಮ ಮನೆಯ ವೋಟು ಗ್ಯಾರಂಟಿ ಅಂದ. ಯಾವ ಫೋಟೊ ಎಂದು ಡಾರೆಲ್ ಕೇಳಿದ. ರಾಸ್ ಗಲಿಬಿಲಿಗೊಂಡು ಕೌಂಟರಿನ ಕೆಳಗೆಲ್ಲ ಹುಡುಕಿದ. ಇಲ್ಲೇ ಇತ್ತು, ಕಸಕ್ಕೆ ಹೋಯಿತೇನೋ ಎಂದ.

ಅವತ್ತು ಬುಧವಾರವಲ್ಲ. ಬಾಗಿಲಲ್ಲಿ ತಮ್ಮ ನಿಂತಿದ್ದನ್ನು ಕಂಡ ಕೂಡಲೇ ನೊರೀನ್‌ಗೆ ಗೊತ್ತಾಗಿಹೋಯಿತು. ಅವನು ಕೂಗಾಡಲಿಲ್ಲ. ಅದೇನೋ ಇದೆಯಂತಲ್ಲ, ತೋರಿಸು ಎಂದ. ಅವಳು ತಂದುಕೊಟ್ಟಳು. ಅವನು ಅಡುಗೆಮನೆಯ ಮೇಜಿಗೆ ಕೂತು, ಕನ್ನಡಕ ಹಾಕಿಕೊಂಡು, ಮೇಲಿನಿಂದ ಕೆಳಗೆ ಒಂದಕ್ಷರ ಬಿಡದೆ ಓದಿದ. ಆಮೇಲೆ ಫೋಟೊದ ಮೇಲೆ ಬೆರಳಿಟ್ಟ. ಶೆಲ್ಬಿಯ ಹೆಗಲ ಮೇಲೆ ಯಾರದೋ ನಾಲ್ಕು ಬೆರಳು ಕಾಣುತ್ತಿದ್ದವು. ಮಿಕ್ಕಿದ್ದನ್ನು ಕತ್ತರಿಸಿದ್ದರು. ಕರಪತ್ರದಲ್ಲಿ ಆ ಬೆರಳುಗಳು ಉಳಿದದ್ದನ್ನು ನೊರೀನ್ ಗಮನಿಸಿಯೇ ಇರಲಿಲ್ಲ.

"ಇದು ನನ್ನ ಕೈ," ಎಂದ.

ಅವಳು ಬಗ್ಗಿ ನೋಡಿದಳು.

"ನಂಗ್ಯಾಕೆ ಬಂದಿಲ್ಲ ಇದು?"

"ನೀನು ಬೇಡ ಅಂತೀಯ ಅಂತ."

"ಕೇಳಿದ್ಯಾ?"

ಡಾರೆಲ್ ಕನ್ನಡಕ ತೆಗೆದಿಟ್ಟ.

"ಒಂಬತ್ತು ವರ್ಷ ಆಯ್ತು, ನನ್ನೆದುರಿಗೆ ಒಬ್ರೂ ಅವಳ ಹೆಸರು ಎತ್ತಲ್ಲ. ನೀನೂ ಎತ್ತಲ್ಲ. ನಂಗೆ ನೋವಾಗುತ್ತೆ ಅಂತ ಸುಮ್ನಿರ್ತೀರಿ ಅಂದ್ಕೊಂಡಿದ್ದೆ. ನೋಡಿದ್ರೆ, ನನ್ನೊಬ್ಬನ್ನ ಬಿಟ್ಟು ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೀರಿ. ಬುಧವಾರ ಬುಧವಾರ ನನ್ನೆದುರಿಗೇ ಕೂತು ಊಟ ಮಾಡಿದ್ಯಲ್ಲೇ."

"ಆ ದಾರಿ ಆದ್ರೆ ಇನ್ನೊಂದು ಮಗು ಆ ರಸ್ತೆಲಿ ನಡ್ಯೋದು ತಪ್ಪುತ್ತೆ ಕಣೋ," ಎಂದಳು ನೊರೀನ್. "ಅದಕ್ಕೇ ಮಾಡ್ದೆ."

"ಗೊತ್ತು. ಅದಕ್ಕೇ ನಿನ್ನ ಮೇಲೆ ಕೂಗಾಡೋಕೂ ಆಗ್ತಿಲ್ಲ."

ಅವನು ಕರಪತ್ರವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ. ಎದ್ದು ನಿಂತವನು, ಕಸದ ಗಾಡಿ ಬರುವುದು ಯಾವತ್ತು ಎಂದು ಕೇಳಿದ. ನಾಳೆ ಬೆಳಿಗ್ಗೆ ಎಂದಳು ಅವಳು, ಯಾಕೆ ಕೇಳಿದನೆಂದು ತಿಳಿಯದೆ. ಅವನು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಟುಹೋದ.

ಕಿಟಕಿಯಿಂದ ನೋಡಿದರೆ ಅವನು ತನ್ನ ಮನೆಯ ಕಡೆ ತಿರುಗಲಿಲ್ಲ. ನಿಂತಿದ್ದ ತನ್ನ ಪಿಕಪ್ಪಿನತ್ತಲೂ ನೋಡಲಿಲ್ಲ. ಹೆದ್ದಾರಿಗೆ ಇಳಿದು, ಅಂಚು ಹಿಡಿದು, ಆಚೆ ಪಕ್ಕದ ಮನೆಯ ಬಾಗಿಲು ತಟ್ಟಿದ. ಆ ಮನೆಯ ಹೆಂಗಸು ಬಾಯಿಗೆ ಕೈ ಇಟ್ಟುಕೊಂಡು ಒಳಗೆ ಹೋಗಿ, ಏನೋ ತಂದು ಅವನ ಕೈಗೆ ಕೊಟ್ಟಳು. ಅವನು ಅದನ್ನು ಜೇಬಿಗಿಟ್ಟುಕೊಂಡು ಮುಂದಿನ ಮನೆಗೆ ನಡೆದ. ಅಲ್ಲಿಯ ಮುದುಕ ಅವನನ್ನು ರಸ್ತೆಯಂಚಿಗೆ ಕರೆತಂದು, ಬೆಳಗಿನ ಗಾಡಿಗೆಂದು ಹೊರಗಿಟ್ಟಿದ್ದ ಕಸದ ಡಬ್ಬದ ಮುಚ್ಚಳ ಎತ್ತಿದ. ಡಾರೆಲ್ ಅದರೊಳಕ್ಕೆ ಬಗ್ಗಿದ, ಭುಜದವರೆಗೂ ಕೈ ಹಾಕಿದ. ಆಗ ನೊರೀನ್‌ಗೆ ಅರ್ಥವಾಯಿತು: ಮಗಳ ಫೋಟೊ ಬೆಳಗಿನ ಕಸದ ಗಾಡಿಗೆ ಹೋಗದ ಹಾಗೆ ಅವನು ಮನೆಮನೆಯಿಂದ ಕರಪತ್ರ ಕೂಡಿಸಿಕೊಳ್ಳುತ್ತಿದ್ದ. ಒಲೆ ಆರಿಸುವುದನ್ನೂ ಮರೆತು ಕಾರಿನ ಕೀಲಿ ಹುಡುಕಿದಳು. ಅಳು ತಡೆಯಲಾಗಲಿಲ್ಲ.

ಹೊತ್ತು ಇಳಿಯುತ್ತಿತ್ತು. ಅವಳು ಹೋಗಿ ಮುಟ್ಟುವಷ್ಟರಲ್ಲಿ ಅವನು ಮೊದಲ ತಿರುವು ದಾಟಿದ್ದ. ಒಂದು ಕಡೆ ಹೊಳೆಗೆ ಕಟ್ಟಿದ ಕಬ್ಬಿಣದ ತಡೆ, ಇನ್ನೊಂದು ಕಡೆ ಗುಡ್ಡ. ಅವನು ಬಿಳಿ ಗೆರೆಯ ಮೇಲೇ ನಡೆಯುತ್ತಿದ್ದ. ಕಿಟಕಿ ಇಳಿಸಿ, ಕಾರು ಹತ್ತು, ಇಬ್ಬರೂ ಸೇರಿ ಮನೆಮನೆಗೆ ಹೋಗಿ ಕೇಳೋಣ ಎಂದಳು. ಅವನು ತಲೆ ಅಲ್ಲಾಡಿಸಿದ.

"ನೀನು ಹೋಗು," ಎಂದ. "ಇದು ನನ್ನ ಕೆಲ್ಸ."

ಅವಳು ಹೋಗಲಿಲ್ಲ. ಅಪಾಯದ ದೀಪ ಹಾಕಿಕೊಂಡು, ಅವನು ನಡೆದಷ್ಟೇ ನಿಧಾನವಾಗಿ, ಹಿಂದೆ ಹಿಂದೆ ಕಾರು ಬಿಟ್ಟಳು. ದಿಮ್ಮಿಯ ಲಾರಿಯೊಂದು ಹಿಂದಿನಿಂದ ಹಾರ್ನು ಹೊಡೆಯಿತು, ಅದರ ಹಿಂದೆ ಇನ್ನೊಂದು. ಅವಳು ಜಾಗ ಬಿಡಲಿಲ್ಲ. ಮುಂದೆ ಡಾರೆಲ್, ಉಬ್ಬಿದ ಜೇಬನ್ನು ಕೈಯಿಂದ ಅದುಮಿ ಹಿಡಿದುಕೊಂಡು, ಇನ್ನೊಂದು ಮನೆಯ ದಾರಿಗೆ ಇಳಿದ. ಅವಳು ಕಾರು ನಿಲ್ಲಿಸಿ ಕಾದಳು.