ಗಿರಣಿಯ ಹೊಸ ಫೋನ್ ಬೋರ್ಡ್

ಬೆಟಗೇರಿಯ ಹತ್ತಿ ಗಿರಣಿಯಲ್ಲಿ ಸುಗ್ರಾಬಿ ಹನ್ನೊಂದು ವರ್ಷದಿಂದ ಕರೆಗಳನ್ನು ಜೋಡಿಸುವ ಫೋನ್ ಬೋರ್ಡ್ ನೋಡಿಕೊಂಡಿದ್ದಳು. ಎಂಬತ್ತಾರರಲ್ಲಿ ಹೊಸ ಬೋರ್ಡ್ ಕೂಡಿಸಲು ಹುಬ್ಬಳ್ಳಿಯಿಂದ ಬಂದ ಇಂಜಿನಿಯರ್, ಯಾವ ನಂಬರಿಗೆ ಎಲ್ಲಿಯ ಫೋನಿನ ಗಂಟೆ ಹೊಡೆಯಬೇಕೆಂದು ಹಳೆಯ ನಕ್ಷೆ ನೋಡಿ ವೈರು ಜೋಡಿಸತೊಡಗಿದ.

“ಆ ನಕ್ಷಿ ಸುಳ್ಳೈತ್ರಿ. ಗೋದಾಮಿನ ವೈರು, ಸಾಹುಕಾರ್ರ ಮನಿ ವೈರು ಅದಲುಬದಲಾಗ್ಯಾವು,” ಎಂದಳು ಸುಗ್ರಾಬಿ.

“ನಿಮಗೇನ್ ತಿಳೀತೈತಿ? ಸುಮ್ಮ ಕುಂಡ್ರಿ,” ಎಂದ ಆತ, ತಲೆ ಎತ್ತದೆ.

ಟೈ ಕಟ್ಟಿದ ಇಂಥ ಮಂಗ್ಯಾಗಳಿಗೆ ಎರಡನೇ ಸಲ ಹೇಳುವ ಚಟ ಅವಳಿಗಿರಲಿಲ್ಲ.

ಸಂಜೆ ಗಿರಣಿಯ ಮಾಲೀಕರಾದ ಸಾಹುಕಾರರು ಆಫೀಸಿನಿಂದ ಗೋದಾಮಿನ ನಂಬರು ತಿರುಗಿಸಿ, “ಲೇ ಕತ್ತಿ, ಇನ್ನೂ ಮಲಗೀಯೇನಲೇ?” ಎಂದು, ಫೋನ್ ಎತ್ತಿದ್ದು ವಾಚ್‌ಮನ್ ಎಂದುಕೊಂಡು, ಕತ್ತೆಯನ್ನು ಬೈದಂತೆ ಗದರಿದರು.

“ಯಾರಿಗೆ ಕತ್ತಿ ಅಂತೀಯೋ?” ಎಂದು ಆ ಕಡೆಯಿಂದ ಕೂಗಿದವರು ಅವರ ತಾಯಿ.

ಬೆವೆತುಹೋದ ಇಂಜಿನಿಯರನ ಕೈಯಿಂದ ಸುಗ್ರಾಬಿ ಸ್ಕ್ರೂಡ್ರೈವರ್ ಕಸಿದುಕೊಂಡು ಎರಡೂ ವೈರು ಬದಲಿಸಿದಳು.

“ಆತು, ನಡೀರಿನ್ನ,” ಎಂದಳು, ಅವನ ಮುಖವನ್ನೂ ನೋಡದೆ. “ಹುಬ್ಬಳ್ಳಿ ಬಸ್ಸಾದ್ರೂ ಸರಿಯಾದ್ದು ನೋಡಿ ಹತ್ರಿ.”